ಹನ್ನೊಂದು, ಹದಿನಾಲ್ಕು

ರಾತ್ರಿ ಮೂರಕ್ಕೆ ಕಾಕ್ ಬೇ ಬಂದರು ಬಿಟ್ಟು,
ಕೇಪ್ ಪಾಯಿಂಟಿನ ದೀಪ ಬೆನ್ನ ಹಿಂದೆ ಸಣ್ಣದಾಗಿ,
ನೀರು ಹಸಿರು ಕಳೆದು ನೀಲಿಗೆ ತಿರುಗುವಲ್ಲಿ
ಗಲೀಲ್ ಮಾಮ ಇಂಜಿನ್ ಆರಿಸಿದ.
ಆರಿದ ಮೇಲೇ ಗೊತ್ತಾದದ್ದು,
ಇಷ್ಟು ಹೊತ್ತೂ ಹಲ್ಲು ಕಚ್ಚಿ ಕೂತಿದ್ದೆ ನಾನು.

ಪೆಟ್ಟಿಗೆಯ ಬೂತಾಯಿ ಇನ್ನೂ ಅರೆ ಮಂಜು.
ಬಿಸ್ಮಿಲ್ಲಾ ಎಂದು ಚಾಕು ಇಟ್ಟ.
"ಓರೆಯಾಗಿ ಕೊಯ್ಯಬೇಕು, ರಿಫ್ಕಾ.
ನೇರ ಕೊಯ್ದದ್ದು ಕಲ್ಲಿನ ಹಾಗೆ ಹೋಗುತ್ತೆ,
ಓರೆ ಕೊಯ್ದದ್ದು ಅತ್ತ ಇತ್ತ ನೋಡಿಕೊಂಡು ಇಳಿಯುತ್ತೆ,
ನೆಂಟರ ಮನೆಗೆ ಮೊದಲ ಸಲ ಬಂದವರ ಹಾಗೆ.
ಕರುಳು ಬಿಸಾಡಬೇಡ. ಅದರ ಎಣ್ಣೆಯೇ ನಮ್ಮ ಕರೆಯೋಲೆ."

ಒಂದು ತುಂಡು.
ಅದು ಕಣ್ಣಿಗೆ ಮರೆಯಾದಾಗ ಇನ್ನೊಂದು.
ಅದೂ ಮರೆಯಾದಾಗ ಮತ್ತೊಂದು.
ಇಷ್ಟೇ ವಿದ್ಯೆ.
ಹೆಚ್ಚು ಹಾಕಿದರೆ ಮೀನು ಉಂಡು ತೇಗಿ ಆಳದಲ್ಲೇ ಉಳಿಯುತ್ತೆ,
ಕಡಿಮೆ ಹಾಕಿದರೆ ಬೇರೆ ಮನೆ ಹುಡುಕುತ್ತೆ.
ದೋಣಿಯ ಅಂಚಿನಿಂದ ಕೆಳಗಿನ ಕತ್ತಲ ತನಕ
ಕಡಿಯದ ತುತ್ತುಗಳ ಸಾಲು,
ಒಂದರ ಹೊಟ್ಟೆಯಲ್ಲಿ ಮಾತ್ರ ಗಾಳ.

ಆ ಒಂದೂ ಉಳಿದವುಗಳಂತೆಯೇ ಬೀಳಬೇಕು.
ದಾರ ಬಿಗಿದರೆ ತುಂಡು ತಡವರಿಸುತ್ತೆ;
ತಡವರಿಸುವುದೆಲ್ಲ ಸುಳ್ಳೆಂದು ಟ್ಯೂನಾಗೆ ಗೊತ್ತು.
ಅದಕ್ಕೇ ನಾನು ರೀಲಿನಿಂದ ಮೊಳ ಮೊಳ ದಾರ ಎಳೆದು
ಸಡಿಲ ಬಿಡುತ್ತಿದ್ದೆ,
ಯಾರೂ ಹಿಡಿದಿಲ್ಲ ಅನ್ನಿಸುವ ಹಾಗೆ ಹಿಡಿದು.

ಮಾಮ ಎಣಿಸುತ್ತಿದ್ದ.
ಚಿಕ್ಕಂದಿನಲ್ಲಿ ನನಗೆ ಮಗ್ಗಿಗಿಂತ ಮೊದಲು ಬಂದ ಸಂಖ್ಯೆ ಹದಿನಾಲ್ಕು:
ಒಳ್ಳೆಯ ನೀಲಿ ನೀರಿನಲ್ಲಿ ಬೂತಾಯಿ ತುಂಡು
ಹದಿನಾಲ್ಕಕ್ಕೆ ಮಾಯ.
ಇಂದು ಹನ್ನೊಂದಕ್ಕೇ ಅವನ ಕೈ ಪೆಟ್ಟಿಗೆಗೆ ಹೋಯಿತು.
"ಹೋಯಿತಾ?"
ಕೆಳಗೆ ಅದಿನ್ನೂ ಇತ್ತು. ಉಗುರಿನಷ್ಟು, ಬೆಳ್ಳಗೆ.
"ಹೋಯಿತು" ಅಂದೆ.

ಬೆಳಗಿಡೀ ಅಂದೆ.
ಎರಡು ಪೆಟ್ಟಿಗೆ ಖಾಲಿ. ರಾಡು ಮಿಸುಕಲಿಲ್ಲ.
ಆಲ್ಬಟ್ರಾಸ್ ಒಂದು ತಿಂದು ಭಾರವಾಗಿ
ಹಾರಲಾರದೆ ನೀರ ಮೇಲೆ ಕೂತಿತ್ತು.
ಸೈಮನ್ಸ್ ಟೌನಿನ ದೋಣಿಯವರು ರೇಡಿಯೋದಲ್ಲಿ,
ನಾಲ್ಕು ಹತ್ತಿತು, ಐದು ಹತ್ತಿತು.
ಮಾಮ ಗಾಳಿಯನ್ನು ಬೈದ, ಬೂತಾಯಿ ಮಾರಿದವನನ್ನು ಬೈದ,
ಆಮೇಲೆ ಎರಡು ವರ್ಷದಿಂದ ಮನೆಯಲ್ಲೂ ಹೇಳುತ್ತಿರುವುದನ್ನೇ ಹೇಳಿದ:
"ನೀರು ಕೆಟ್ಟಿದೆ. ಮೊದಲಿನ ತಿಳಿ ಇಲ್ಲ."

ಮತ್ತೊಂದು ತುಂಡು.
"ಹೋಯಿತಾ?"
"ಇಲ್ಲ ಮಾಮ. ಕಾಣ್ತಾ ಇದೆ."

ದೋಣಿಯ ಪಕ್ಕೆಗೆ ನೀರು ಚಪ್ಪರಿಸುವ ಸದ್ದು.
"ಈಗ?"
"ಇನ್ನೂ."
"ಈಗ?"
"ಈಗ ಹೋಯಿತು."
ಎಷ್ಟಕ್ಕೆ ಎಂದು ಅವನು ಕೇಳಲಿಲ್ಲ. ಅವನೂ ಎಣಿಸಿದ್ದ.
ಚಾಕುವನ್ನು ಪ್ಯಾಂಟಿಗೆ ಒರೆಸಿ
ಹಿಡಿಯನ್ನು ನನ್ನ ಕಡೆ ತಿರುಗಿಸಿ ಕೊಟ್ಟ.
"ಹಾಗಾದರೆ ನೀರು ಸರಿ ಇದೆ" ಅಂದ.

ಮುಕ್ಕಾಲು ಗಂಟೆಗೆ
ಡೆಕ್ಕಿನ ಮೇಲೆ ಸುರುಳಿ ಬಿದ್ದಿದ್ದ ದಾರ
ತಾನಾಗಿ ಎದ್ದು ನಿಂತಿತು.
ರಾಡು ನನ್ನ ಹೊಟ್ಟೆಗೆ, ಮಾಮನ ಅಂಗೈ ನನ್ನ ಬೆನ್ನಿಗೆ.
ಎಷ್ಟು ಹೊತ್ತೋ. ಹಳದಿ ಮಿಂಚೊಂದು
ಕೆಳಗೆ ಸುತ್ತು ಹಾಕುತ್ತ, ಪ್ರತಿ ಸುತ್ತಿಗೂ ದೊಡ್ಡದಾಗುತ್ತ,
ಆಮೇಲೆ ಒಮ್ಮೆಲೇ ಹಗುರ.
ಸೀಲ್.
ಮೇಲೆ ಬಂದದ್ದು ತಲೆ, ಹೆಗಲು,
ಅಚ್ಚರಿ ಆರದ ಕಣ್ಣು.

ಕೈಗೆ ಬಂದ ತುತ್ತು, ಎಂದು ನಾನು ಅಳುಮೋರೆ ಮಾಡಿದರೆ
ಮಾಮ ಆ ತಲೆಯನ್ನು ಎರಡೂ ಕೈಲಿ ತಡವಿ ತೂಗಿ
ನಗತೊಡಗಿದ:
"ಜಯ್ತೂನ್ ಅತ್ತೆಗೆ ತಲೆಯ ಸಾರೇ ಇಷ್ಟ. ಉಳಿದದ್ದು ಪಾಲುದಾರನಿಗೆ."

ಬೂತಾಯಿಯನ್ನು ಓರೆ ಕೊಯ್ದೆ. ಬಿಟ್ಟೆ.
ಹನ್ನೊಂದು ದಾಟಿತು.
ಹನ್ನೆರಡು.
ಪಕ್ಕದಲ್ಲಿ ಅವನ ತುಟಿಯೂ ಅಲುಗುತ್ತಿತ್ತು.
ಇನ್ನೂ ಅರ್ಧ ಪೆಟ್ಟಿಗೆ ಇತ್ತು.