ಕಾಟಾದ ಮುಳ್ಳು

ತೇಪಾದ ಕೊಕೊ ಮಂಡಿಯಲ್ಲಿ
ಹತ್ತೊಂಬತ್ತು ವರ್ಷ ನಾನೇ ತೂಕದವನು.
ಕಾಟಾದ ಮುಳ್ಳನ್ನು ಸೊನ್ನೆಗಿಂತ ಕೂದಲೆಳೆಯಷ್ಟು
ಹಿಂದೆ ಬಗ್ಗಿಸಿಡುವುದನ್ನು ಯಾರೂ ಕಲಿಸಲಿಲ್ಲ.
ಹಸಿವು ಕಲಿಸಿತು ಅಂದರೆ ಅದೂ ಸುಳ್ಳೇ,
ಆಗ ನಾನು ಹೊಟ್ಟೆ ತುಂಬ ಉಣ್ಣುತ್ತಿದ್ದೆ.

ಮೂಟೆಗೆ ಮೂರು ಕಿಲೋ.
ಮೂರೇ ಅಲ್ಲವೆ, ಯಾರ ಬೆನ್ನೂ ಬಾಗುವುದಿಲ್ಲ.
ಅದರಲ್ಲೇ ಮನೆಗೆ ತಗಡು ಬಂತು,
ತಮ್ಮ ಕುಮಾಸಿಯಲ್ಲಿ ಓದಿದ,
ಚರ್ಚಿನ ಗಂಟೆಗೊಂದು ಹೊಸ ಹಗ್ಗವೂ ಬಂತು.
ಭಾನುವಾರ ಅದು ಢಣ್ ಎಂದಾಗಲೆಲ್ಲ
ಊರು ನನ್ನತ್ತ ತಿರುಗಿ ತಲೆದೂಗುತ್ತಿತ್ತು.

ಲಾರಿಯ ಹಣೆಯ ಮೇಲೆ ದಪ್ಪಕ್ಷರದಲ್ಲಿ ‘ಅದೊಮ್’ ಎಂದಿತ್ತು.
ನಮ್ಮ ಮಾತಿನಲ್ಲಿ ಕೃಪೆ.
ಕದ್ದ ಮೂರು ಕಿಲೋಗಳನ್ನೆಲ್ಲ
ಅದರ ಬೆನ್ನಿಗೇ ಹೇರಿ ಕಳಿಸಿದ್ದೇನೆ,
ಒಮ್ಮೆಯೂ ಓದದೆ.

ವಿಧವೆ ನ್ಯಾರ್ಕೊವಾ ಮೂಟೆಯನ್ನು ತಳ್ಳುಗಾಡಿಯಲ್ಲಿ ತರುತ್ತಿದ್ದಳು.
ಜ್ವರದ ಮಗುವಿನ ಹಣೆ ಮುಟ್ಟುವಂತೆ
ಅದರ ಮೇಲೆ ಅಂಗೈ ಇಟ್ಟು
‘ಅರವತ್ನಾಲ್ಕು ಇರಬೇಕಲ್ಲ’ ಅನ್ನುವಳು.
‘ಅರವತ್ತೊಂದು’ ಅನ್ನುವೆ.
ಅವಳು ಮುಳ್ಳನ್ನು ನೋಡುವಳು,
ನನ್ನನ್ನಲ್ಲ.

ಹಾರ್ಮಟಾನ್ ಧೂಳು ಎದ್ದ ಜನವರಿಯಲ್ಲಿ
ಕಂಪನಿಯವರು ಕಬ್ಬಿಣದ ಬಟ್ಟುಗಳನ್ನು ತಂದರು.
ಬಟ್ಟಿಗೆ ನಾಲಿಗೆಯಿಲ್ಲ, ಆದರೂ ಎಲ್ಲ ಹೇಳಿತು.
ಅಂದು ಸಂಜೆಯಿಂದ ನನ್ನ ಅಂಗಳಕ್ಕೆ
ಕೋಳಿಗಳು ಬಿಟ್ಟರೆ ಬೇರಾರೂ ಬರಲಿಲ್ಲ.
ತಗಡು ಬಿಚ್ಚಿ ಮಾರಿದೆ.
ಮನೆಮನೆಗೆ ಹೋಗಿ ಕೊಟ್ಟೆ, ಬೈಗುಳ ತಿಂದೆ.
ನ್ಯಾರ್ಕೊವಾ ಎಂಜಲು ಹಚ್ಚಿ ಹಚ್ಚಿ
ನೋಟು ಎಣಿಸಿ ಸೆರಗಿಗೆ ಕಟ್ಟಿ
‘ಇನ್ನೂ ಕಡಿಮೆ ಇದೆ’ ಎಂದಳು.
‘ಗೊತ್ತು’ ಎಂದೆ.
ಬಾಗಿಲು ಹಾಕಿಕೊಂಡಳು.

ಒಂದೂವರೆ ವರ್ಷ ಕೊನೆಯ ಬೆಂಚು.
ಪ್ರಭುಭೋಜನದ ತಟ್ಟೆ ಬಂದಾಗ
ಮೊಣಕಾಲು ಸರಿಸಿ ದಾರಿ ಬಿಡುತ್ತಿದ್ದೆ.
ಸಭೆ ನನ್ನನ್ನು ಮತ್ತೆ ಸೇರಿಸಿಕೊಂಡ ಮೇಲೂ ಅಷ್ಟೆ,
ಕೈ ಮೇಲೇಳಲಿಲ್ಲ.
ಆ ವರ್ಷ ಹಿರಿಯಳಾಗಿ ತಟ್ಟೆ ಹಿಡಿದವಳು ಅವಳು.
ನನ್ನನ್ನು ದಾಟಿ ಎರಡು ಹೆಜ್ಜೆ ಹೋದಳು.
ನಿಂತಳು.
ಹಿಂದೆ ಬಂದಳು.

ನನ್ನ ಕೈಗೆ ಕೆಟ್ಟ ಅಭ್ಯಾಸ,
ಏನಿಟ್ಟರೂ ತುಸು ಮೇಲೆ ಕೆಳಗೆ ಆಡಿಸುತ್ತದೆ.
ರೊಟ್ಟಿಯ ಚೂರನ್ನೂ ಆಡಿಸಿತು.
‘ತೂಗಬೇಡ’ ಎಂದಳು, ‘ತಿನ್ನು.’

ಬೀಜದ ತೇವ, ಗೋಣಿಯ ಭಾರ, ಹೆಣದ ಪೆಟ್ಟಿಗೆ,
ಎಲ್ಲದರ ತೂಕ ಬಲ್ಲ ಕೈ ಇದು.
ಆ ಚೂರಿನದು ಇವತ್ತಿಗೂ ಗೊತ್ತಿಲ್ಲ.
ಒಂದು ಮಾತ್ರ ಗೊತ್ತು:
ನಾನು ಬಗ್ಗಿಸಿಟ್ಟ ಮುಳ್ಳು
ಯಾರದೋ ಹಣೆಗೆ ನೆಟ್ಟಿತ್ತು,
ಆತ ಅದನ್ನು ಕಿತ್ತು
ನನ್ನತ್ತ ಎಸೆಯಲಿಲ್ಲ.

ಹೊರಗೆ ಮಾವಿನ ಮರದಡಿ
ಚಪ್ಪಲಿ ಹುಡುಕುತ್ತಿದ್ದವಳು ತಲೆಯೆತ್ತದೆ ಹೇಳಿದಳು:
‘ಉಳಿದದ್ದು ಸುಗ್ಗಿಗೆ ಕೊಡು. ಮರೀಬೇಡ.
ಮತ್ತೆ, ಹಗ್ಗ ಸವೆದಿದೆ.
ಬಾ, ಗಂಟೆ ಕೆಳಗಿಳಿಸೋಕೆ ಒಂದು ಕೈ ಬೇಕು.’