ಎಡದ ಗವಸು

ನನ್ನಾಕೆ ಸುನ್ವಾ ಈಗಲೂ ಜೋಡಿಯೇ ಹೆಣೆಯುತ್ತಾಳೆ.
ಒಂಟಿ ಹೆಣೆದರೆ ಉಣ್ಣೆಗೆ ಅವಮಾನವಂತೆ.
ಎಡದವು ಮೇಜಿನ ಕೆಳಖಾನೆಯಲ್ಲಿ
ಎಂಟಾಗಿವೆ. ಒಂದೂ ಬೆವರು ಕಂಡಿಲ್ಲ.

ಕೈ ಹೋದದ್ದು ಐಸ್‌ಲೆಂಡಿನಾಚೆ, ಮಾರ್ಚ್ ತಿಂಗಳಲ್ಲಿ,
ಬಲೆ ಎಳೆಯುವ ರಾಟೆಗೂ ಉಕ್ಕಿನ ಹಗ್ಗಕ್ಕೂ ನಡುವೆ.
ನೋವಾಗಲಿಲ್ಲ. ಇದನ್ನು ಯಾರೂ ನಂಬುವುದಿಲ್ಲ.
ಮೊದಲು ಕಂಡದ್ದು ಕಿತ್ತಳೆ ಬಣ್ಣದ ರಬ್ಬರು ತೋಳು
ಕಾಡ್ ಮೀನಿನ ರಾಶಿಯ ಮೇಲೆ,
ಯಾರೋ ಕಳಚಿಟ್ಟು ಕಾಫಿಗೆ ಹೋದಂತೆ.
ಯಾರದಪ್ಪಾ ಇದು, ಅಂದುಕೊಂಡೆ.

ಆಸ್ಪತ್ರೆಗೆ ಹೂ ಬಂತು, ಹಡಗಿನ ಮಾಲೀಕ ಬಂದ,
ವಿಮೆಯವನು ಮೊಳಕೈವರೆಗೆ ಇಷ್ಟು, ಮೇಲಾದರೆ ಇಷ್ಟು ಎಂದು
ಅಳೆದು ಕೊಟ್ಟ.
ಎಲ್ಲರೆದುರು ನಗುತ್ತಿದ್ದೆ.
ಹಾನುಸ್ ಗಟ್ಟಿ ಆಳು, ಅಂದರು ಕ್ಲಾಕ್ಸ್‌ವೀಕಿನ ಜನ.
ಗಟ್ಟಿ ಆಳು ಮನೆಗೆ ಬಂದು ಬೂಟಿನ ದಾರ ನೋಡಿದ.
ನೋಡುತ್ತ ಕೂತ.
ದೀಪ ಹಚ್ಚುವ ಹೊತ್ತಾದರೂ ಕೂತೇ ಇದ್ದ.

ಶುರುವಾದದ್ದು ಹಾಗೆ.
ದುಃಖವಲ್ಲ. ದುಃಖಕ್ಕೆ ಉಪ್ಪಿರುತ್ತದೆ, ನಾನು ಬಲ್ಲೆ.
ಇದು ಸಪ್ಪೆ.
ಚಳಿಗಾಲವಿಡೀ ಬೆಟ್ಟದ ಬೆನ್ನಿಗೇ
ನಡೆದುಹೋಗುವ ನಮ್ಮೂರ ಸೂರ್ಯ:
ಬೆಳಗಾಗಿದೆ ಅನ್ನುತ್ತಾರೆ, ಇರಬಹುದು.
"ಏಳು" ಅನ್ನುತ್ತಾಳೆ ಸುನ್ವಾ.
"ಕೈಲಾಗದು" ಅನ್ನುತ್ತೇನೆ.
ಅಂದಮೇಲೆ ಇಬ್ಬರಿಗೂ ಆ ಮಾತು ಕೇಳಿಸುತ್ತದೆ.

ಇಲ್ಲದ ಕೈ ಮುಷ್ಟಿ ಕಟ್ಟಿದೆ.
ಇರುಳೆಲ್ಲ ಉಗುರು ಅಂಗೈಗಿಳಿಯುತ್ತದೆ.
ಆ ಉಗುರಿಗೆ ಕತ್ತರಿಯಿಲ್ಲ, ಆ ಅಂಗೈಗೆ ಮುಲಾಮಿಲ್ಲ.
ತೋರ್ಸ್‌ಹಾವ್ನ್‌ನ ವೈದ್ಯೆ ಒಂದು ಕನ್ನಡಿ ಕೊಟ್ಟಳು:
ಎದೆಯ ಮುಂದೆ ನಿಲ್ಲಿಸಿ ಬಲಗೈ ಬಿಚ್ಚಿ,
ಒಳಗಿನ ಎಡಗೈಯೂ ಬಿಚ್ಚುತ್ತದೆ.
ಬಿಚ್ಚಿತು ಕೂಡ.
ಐದು ಬೆರಳು; ತೋರುಬೆರಳಿಗೆ ಚಾಕು ತಗುಲಿದ ಗುರುತು,
ಎಡಗೈಗೆ ಎಂದೂ ಇರದಿದ್ದದ್ದು.
ಆದರೆ ಆಮೇಲೆ ಕನ್ನಡಿ ತೆಗೆಯಬೇಕಲ್ಲ.
ದಿನಕ್ಕೆ ಮೂರು ಸಲ ತೆಗೆಯಬೇಕು.
ಎರಡನೇ ವಾರ ಅದನ್ನು
ಕುರಿಮಾಂಸ ಒಣಗಿಸುವ ಕೊಟ್ಟಿಗೆಯಲ್ಲಿ
ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ.

ಆಕೆಯ ಬಳಿ ಒಂದು ಹಾಳೆಯೂ ಇದೆ.
ಕಳೆದ ಹದಿನಾಲ್ಕು ದಿನಗಳಲ್ಲಿ ಎಷ್ಟು ದಿನ
ಯಾವುದೂ ಬೇಡವೆನಿಸಿತು?
ಎಷ್ಟು ದಿನ, ನೀವೇ ಇಲ್ಲದಿದ್ದರೆ ಚೆನ್ನಿತ್ತು ಎನಿಸಿತು?
ಹದಿನಾಲ್ಕು, ಬರೆಯುತ್ತಿದ್ದೆ. ಹದಿನಾಲ್ಕು.
ಬಲಗೈಗೆ ಅಭ್ಯಾಸವಾಗಿತ್ತು.

ಫೆಬ್ರವರಿಯಲ್ಲಿ ಊರ ಭವನದಲ್ಲಿ ಕುಣಿತ.
ನಮ್ಮ ಕುಣಿತಕ್ಕೆ ವಾದ್ಯವಿಲ್ಲ. ಮರದ ನೆಲ, ಕಾಲು,
ಯಾವಾಗಲೋ ನಡೆದ ಕೊಲೆಯೊಂದರ ಕಥೆ, ನೂರಾರು ನುಡಿ.
ಎರಡು ಹೆಜ್ಜೆ ಎಡಕ್ಕೆ, ಒಂದು ವಾಪಸು.
ಕೈಗೆ ಕೈ ಕೊಂಡಿ.
ಕೊಂಡಿಯಿಲ್ಲದವನಿಗೆ ಗೋಡೆ ಬದಿಯ ಬೆಂಚು;
ಎರಡು ಚಳಿಗಾಲ ಆ ಬೆಂಚಿಗೂ ಹೋಗಿರಲಿಲ್ಲ.

ಈ ಸಲ ಬ್ಯಾರ್ತಾ, ಹನ್ನೊಂದರ ಮಗಳು,
ಬೆಂಚಿನ ಬಳಿ ಬಂದು, ಏನೂ ಹೇಳದೆ,
ನನ್ನ ತೋಳಿನ ಪಿನ್ನು ಬಿಚ್ಚಿದಳು.
ಖಾಲಿ ಅಂಗಿತೋಳನ್ನು ತನ್ನ ಮುಂಗೈಗೆ ಎರಡು ಸುತ್ತು ಸುತ್ತಿ
ದೋಣಿ ಕಟ್ಟುವವರ ಹಾಗೆ ಎಳೆದು ನೋಡಿದಳು.
"ಬಿಡೇ" ಅಂದೆ. ಜೋರಾಗಿಯೇ ಅಂದೆ, ಜನ ತಿರುಗಿದರು.
ಬಿಡಲಿಲ್ಲ. ತಾಯಿಯದೇ ಹಟ.

ಅರವತ್ತು ನುಡಿಯವರೆಗೂ ಕುಣಿದೆವು.
ಬಲಕ್ಕೆ ಮುದುಕ ಏಯ್ಡುನ್‌ನ ಬೆವರಿದ ಅಂಗೈ,
ಎಡಕ್ಕೆ ಬಟ್ಟೆಯ ಜಗ್ಗು.
ಅವಳು ಹೆಜ್ಜೆ ತಪ್ಪಿದಾಗಲೆಲ್ಲ ಹೆಗಲಿಗೆ ಗೊತ್ತಾಗುತ್ತಿತ್ತು.
ತುಂಬಾ ತಪ್ಪುತ್ತಾಳೆ.

ಆ ರಾತ್ರಿ ಮುಷ್ಟಿ ಬಿಚ್ಚಿತು ಎಂದರೆ ಸುಳ್ಳಾದೀತು.
ಭಾನುವಾರ ಮಧ್ಯಾಹ್ನ ಮೂರರವರೆಗೂ ಏಳಲಿಲ್ಲ.
ಸೋಮವಾರ ಬೂಟಿನ ದಾರ ಅಲ್ಲೇ ಇತ್ತು.

ಗುರುವಾರ ಮತ್ತೆ ಆ ಹಾಳೆ.
ಹದಿಮೂರು, ಬರೆದೆ.
ಹೊಡೆದುಹಾಕಿ ಹದಿನಾಲ್ಕು ಮಾಡಿದೆ,
ಅದನ್ನೂ ಹೊಡೆದು ಹದಿಮೂರು.
"ಯಾವುದನ್ನು ಓದಿಕೊಳ್ಳಲಿ?" ಕೇಳಿದಳು ವೈದ್ಯೆ.
ಕೊನೆಯದನ್ನು, ಅಂದೆ.