ನೂರ ಅರವತ್ತಮೂರು ಮೆಟ್ಟಿಲು

ಮುಖಪುಟಕ್ಕೆ ಮುಖ ಬೇಡ, ಅಂದಳು
ಎದುವಿನಾ ಕರಾಸ್ಕೊ.
ಮೊಣಕಾಲು ಸಾಕು.

ವಾಲ್ಪರೈಸೊ.
ಗುಡ್ಡಕ್ಕೆ ಗುಡ್ಡ ಹೆಗಲು ಕೊಟ್ಟು
ತಗಡಿನ ಮನೆಗಳನ್ನು ಕಡಲಿಗೆ ಎತ್ತಿ ತೋರಿಸುವ ಊರು.
ಅವಳ ಚಿಕಿತ್ಸಾಲಯ ತುತ್ತತುದಿಗೆ:
ಹಳದಿ ಗೋಡೆ, ಎರಡು ಮಂಚ, ಒಂದು ಗಡಿಯಾರ,
ಗಡಿಯಾರದ ಕೆಳಗೆ, ಯಾವ ಗಂಟೆಗೂ ಏಳದ ಬೆಕ್ಕು.
ಜನರನ್ನು ಹೊತ್ತು ಹಳಿಯ ಮೇಲೆ ಏರುತ್ತಿದ್ದ ಮುದಿ ಡಬ್ಬಿ
ಕೆಟ್ಟು ನಿಂತು ಆರು ವರ್ಷ.
ಉಳಿದದ್ದು ಮೆಟ್ಟಿಲು.

ಇದಕ್ಕೆ ಮೊದಲು ನಾನು
ಮೀನಿನ ಸಗಟು ಅಂಗಡಿಗೊಂದು,
ಶವಪೆಟ್ಟಿಗೆಯವರಿಗೊಂದು
ಜಾಲತಾಣ ಮಾಡಿಕೊಟ್ಟವಳು.
ಎರಡು ಕಡೆಯೂ ಒಳಗಿರುವವರು
ತಕರಾರು ಹೇಳುವುದಿಲ್ಲ.

ಮೊದಲ ನಮೂನೆ ಬಿಚ್ಚಿಟ್ಟೆ.
ತಿಳಿನೀಲಿ, ಬಿಳಿ ಕೋಟು,
ದುಡ್ಡು ಕೊಟ್ಟು ತಂದ ಚಿತ್ರದಲ್ಲಿ
ದುಡ್ಡು ಕೊಟ್ಟು ತಂದ ಹಲ್ಲು ಬಿಟ್ಟು
ಹುಲ್ಲಿನ ಮೇಲೆ ಓಡುವ ಅರವತ್ತರ ದಂಪತಿ.
‘ಯಾರಿವರು?’
‘ಯಾರೂ ಅಲ್ಲ.’
‘ಯಾರೂ ಅಲ್ಲದವರ ಮೊಣಕಾಲು ನೋಯುವುದಿಲ್ಲ. ತೆಗೆ.’

ತೆಗೆದೆ.

ಸೇವೆಗಳು ಎಂಬಲ್ಲಿ ನಾನು ಬರೆದದ್ದು
ಕೀಲು ಸವೆತ, ಸ್ನಾಯು ಸೆಳೆತ, ಹೀಗೆ.
ಅವಳು ಬೆಕ್ಕಿನ ಬೆನ್ನು ಸವರುತ್ತ ಬರೆಸಿದ್ದು:
ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಲ್ಲಲಾರದವರು.
ತಂತಿಗೆ ಬಟ್ಟೆ ಹಾಕಲು ಕೈಯೆತ್ತಲಾರದವರು.
ಇಗರ್ಜಿಯಲ್ಲಿ ಮಂಡಿಯೂರಿ
ಮತ್ತೆ ಏಳಲಾಗದೆ
ಭಕ್ತಿ ಹೆಚ್ಚಿದಂತೆ ನಟಿಸುವವರು.

ತಲುಪುವುದು ಹೇಗೆ ಎಂಬ ಪುಟಕ್ಕೆ
ನಕ್ಷೆಯನ್ನು ತಂದು ಅಂಟಿಸಿದೆ.
ಕೆಳಗಿನ ಬೀದಿಯಿಂದ ಆರು ನಿಮಿಷ, ಎನ್ನುತ್ತದೆ ನಕ್ಷೆ.
‘ಯಾರ ಆರು ನಿಮಿಷ?’
ಕಿಟಕಿಗೆ ಕರೆದಳು.

ಕೆಳಗೆ ದೋನ್ ಬೌದಿಲಿಯೊ.
ಬಂದರಿನ ಕ್ರೇನಿನಲ್ಲಿ ಕೂತು ನಲವತ್ತು ವರ್ಷ
ಹಡಗುಗಳ ಹೊಟ್ಟೆಯಿಂದ ಪೆಟ್ಟಿಗೆ ಎತ್ತಿದವನು
ಈಗ ಎರಡೂ ಕೈಯಲ್ಲಿ ತನ್ನ ತೊಡೆ ಹಿಡಿದು
ಎತ್ತಿ
ಮೇಲಿನ ಮೆಟ್ಟಿಲಿಗೆ ಇಳಿಸುತ್ತಿದ್ದಾನೆ, ಒಡೆಯುವ ಸರಕು ಎಂಬಂತೆ.
ಕಾಲು ಕೈಕೊಟ್ಟರೆ
ಕೈ ತಾನೇ ಕಾಲಾಗಬೇಕು.
‘ನಾಲ್ಕು ಸಲ ನಿಂತ,’ ಅಂದಳು. ‘ಹೋದ ವಾರ ಏಳು.’
ಪುಸ್ತಕದಲ್ಲಿ ಗೀಚಿದಳು.
ಅವನಿನ್ನೂ ಬಾಗಿಲು ತಟ್ಟಿರಲಿಲ್ಲ,
ಅರ್ಧ ತಪಾಸಣೆ ಮುಗಿದಿತ್ತು.

‘ಎಂಬತ್ತೊಂದನೇ ಮೆಟ್ಟಿಲಲ್ಲಿ ಒಂದು ಬೆಂಚಿದೆ,
ಹಾಸಿಗೆ ಹೊಲಿಯುವವನ ಹೆಂಡತಿ ಇಡಿಸಿದ್ದು.
ನಿನ್ನ ಪುಟದ ನಡುವೆ
ಕೂರಲು ಜಾಗವಿದೆಯೇ?’

ಏನು ಹೇಳಲಿ?
ಖಾಲಿ ಬಿಟ್ಟರೆ ಓದುವವರು ಜಾರಿಹೋಗುತ್ತಾರೆ,
ಮೂರು ಸೆಕೆಂಡು ಅವರ ತಾಳ್ಮೆ,
ನಮ್ಮ ಕಸುಬಿನಲ್ಲಿ ಇದು ವೇದವಾಕ್ಯ.
‘ಜಾರುವವರು ಜಾರಲಿ,
ಜಾರಿ ಬಿದ್ದಮೇಲೆ ನನ್ನ ಹತ್ತಿರವೇ ಬರುತ್ತಾರೆ.’

ಮರುದಿನ ನಾನೇ ಎಣಿಸಲು ಹೊರಟೆ.
ಇಪ್ಪತ್ತೊಂಬತ್ತು ವಯಸ್ಸು, ಕೊರಳಲ್ಲಿ ಕ್ಯಾಮೆರಾ,
ದಿನಕ್ಕೆ ಹತ್ತು ಗಂಟೆ ಕುರ್ಚಿ.
ಹಸಿರು ಬೆಂಚಿನ ಚಿತ್ರ ತೆಗೆದೆ, ಕೂರಲಿಲ್ಲ,
ಬಿಗುಮಾನ.
ನೂರಾ ಹನ್ನೆರಡರಲ್ಲಿ ಎದೆ ಬಾಯಿಗೆ ಬಂತು.
ಸಮುದ್ರ ನೋಡುವವಳಂತೆ ನಿಂತೆ.
ಮೇಲೆ ಪರದೆ ಅಲುಗಿತು.
ಬರೆದುಕೊಂಡಳು.

ಈಗ ಆ ಪುಟ ಹೀಗಿದೆ:
ಕೆಳಗಿನ ಮೆಟ್ಟಿಲಿಂದ ಶುರು,
ಅಂದರೆ ಬೆರಳಿನಿಂದ ಏರಬೇಕು.
ಎಂಬತ್ತೊಂದರ ಹತ್ತಿರ ಬೆಂಚು,
ಸುತ್ತ ಒಂದು ಅಕ್ಷರವೂ ಇಲ್ಲ.
ತುದಿಯಲ್ಲಿ ಸ್ಥಿರ ದೂರವಾಣಿಯ ಸಂಖ್ಯೆ, ದಪ್ಪಗೆ.
ಹತ್ತಲಾರದವರಿಗೆ, ಮಂಗಳವಾರ ಮಧ್ಯಾಹ್ನ
ರೊಟ್ಟಿ ಅಂಗಡಿಯ ಹಿಂಕೋಣೆಗೆ
ಎದುವಿನಾಳೇ ಇಳಿದು ಬರುತ್ತಾಳೆ.
ವೇಗ ಅಳೆಯುವ ಯಂತ್ರ
ನೂರಕ್ಕೆ ನಲವತ್ತೊಂದು ಕೊಟ್ಟಿತು.
ಅವಳಿಗೆ ಹೇಳಿದೆ. ‘ಪಾಸಾಯಿತೇ?’ ಅಂದಳು.

ಮೊದಲ ಸಂದೇಶ ಬಂದದ್ದು ಶನಿವಾರ,
ಬೌದಿಲಿಯೊನ ಮೊಮ್ಮಗಳು ಬರೆದದ್ದು:
ಅಜ್ಜ ಪುಟ ನೋಡಿದ. ತಪ್ಪಿದೆಯಂತೆ.
ಬೆಂಚು ಈಗ ಹಸಿರಲ್ಲ,
ಗುರುವಾರ ನೀಲಿ ಬಳಿದಿದ್ದಾರೆ,
ಬಣ್ಣ ಒಣಗುವ ಮುಂಚೆಯೇ ಅವನು ಕೂತು ಬಂದಿದ್ದಾನೆ,
ಪ್ಯಾಂಟೇ ಸಾಕ್ಷಿ.
ದಯವಿಟ್ಟು ತಿದ್ದಿ.

ಕ್ಯಾಮೆರಾ ಕೊರಳಿಗೆ ಹಾಕಿಕೊಂಡು
ಮತ್ತೆ ಹತ್ತಿದೆ.
ಮೂರು ಸಲ ನಿಂತೆ.
ಒಮ್ಮೆ ಕೂತೆ.